ಜಕ್ಕಲಿಯಿಂದ ಶಾಸನಸಭೆಯವರೆಗೆ: ಅಂದಾನಪ್ಪ ದೊಡ್ಡಮೇಟಿಯವರ ನಾಡಸೇವೆ

ಇಟಗಿಯ ಸುತ್ತಮುತ್ತಲಿನ ಯಾವುದೋ ಒಂದು ಹಳ್ಳಿಯಲ್ಲಿ, ನೂರು ವರ್ಷಗಳ ಹಿಂದೆ, ಒಬ್ಬ ರೈತನ ಮನೆಯಲ್ಲಿ ಗಂಡುಮಗುವೊಂದು ಹುಟ್ಟಿತೆಂದು ಭಾವಿಸೋಣ. ಆತನು ಬೆಳೆದು ದೊಡ್ಡವನಾಗಿ, ತಂದೆಯ ಎರೆಹೊಲವನ್ನೇ ಉತ್ತು ಬಿತ್ತಿ, ಜೋಳ ಹತ್ತಿಗಳನ್ನು ಬೆಳೆದು, ಊರನ್ನು ಬಿಟ್ಟು ಎಲ್ಲಿಯೂ ನೆಲೆಸದೆ ತುಂಬು ಬಾಳನ್ನು ಬಾಳಿದನೆಂದು ಇಟ್ಟುಕೊಳ್ಳೋಣ. ಆತನು ಹುಟ್ಟಿದ್ದು ಮುಂಬಯಿ ಇಲಾಖೆಯಲ್ಲಿ. ಪ್ರಾಯಕ್ಕೆ ಬಂದು ಮೊದಲ ಬಾರಿ ಮತ ಹಾಕಿದಾಗ ಅದು ಮುಂಬಯಿ ರಾಜ್ಯವಾಗಿತ್ತು. 1956ರಲ್ಲಿ ಆತನು ಮೈಸೂರು ರಾಜ್ಯದವನಾದನು. 1973ರಲ್ಲಿ ಕರ್ನಾಟಕ ರಾಜ್ಯದವನಾದನು. ಅಷ್ಟು ಕಾಲ ಧಾರವಾಡ ಜಿಲ್ಲೆಯವನಾಗಿದ್ದವನು 1997ರಲ್ಲಿ ಗದಗ ಜಿಲ್ಲೆಯವನಾದನು. ಒಂದೇ ಮನೆಯಲ್ಲಿದ್ದ ಒಬ್ಬನೇ ಮನುಷ್ಯನಿಗೆ ಇಷ್ಟೊಂದು ವಿಳಾಸಗಳು!

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕುರಿತು ಬೇರೆಯವರು ಬರೆಯುತ್ತಿದ್ದಾರೆ. ಆದುದರಿಂದ ನಾವು ದೇವಾಲಯದ ಅಂಗಳದಿಂದ ಎರಡು ಹೆಜ್ಜೆ ಹೊರಗಿಟ್ಟು, ಈ ಅವಧಿಯಲ್ಲಿ ನಮ್ಮ ಸುತ್ತಲಿನ ನಾಡು ಒಂದುಗೂಡಿದ ಬಗೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಆ ಕಥೆಯನ್ನು ಹೇಳುವುದಕ್ಕೆ ನಮ್ಮ ರೋಣ ತಾಲೂಕಿನವರೇ ಆದ ಒಬ್ಬ ಜನಪ್ರತಿನಿಧಿಯ ಜೀವನಕ್ಕಿಂತ ಉತ್ತಮವಾದ ಆಧಾರ ನಮಗೆ ಕಾಣುವುದಿಲ್ಲ. ಅವರೇ ಜಕ್ಕಲಿಯ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿಯವರು.

ಎರಡು ಇಟಗಿಗಳು

ಪರಸ್ಥಳದವರಿಗೆ ಇಟಗಿ ಎಂದು ಹೇಳಿದೊಡನೆ ಅವರು ಕೇಳುವ ಪ್ರಶ್ನೆ ಒಂದೇ: 'ಯಾವ ಇಟಗಿ?' ಒಂದು, ಶ್ರೀ ಭೀಮಾಂಬಿಕಾ ದೇವಿಯ ಕ್ಷೇತ್ರವೆಂದು ಹೆಸರಾದ ನಮ್ಮ ಇಟಗಿ. ಇನ್ನೊಂದು, ಕುಕನೂರಿನ ಬಳಿಯ ಇಟಗಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯ ಅಲ್ಲಿದೆ. ಶಾಸನವು ಅದನ್ನು ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದೆ. ಎರಡೂ ಊರುಗಳ ಹೆಸರು ಒಂದು, ಮಾತು ಒಂದು, ಮಣ್ಣಿನ ಬಣ್ಣವೂ ಒಂದು. ಆದರೆ 1948ರವರೆಗೆ ಈ ಇಟಗಿಯವರು ಬ್ರಿಟಿಷರ ಮತ್ತು ಅವರ ತರುವಾಯ ಮುಂಬಯಿ ಸರಕಾರದ ಆಳ್ವಿಕೆಯಲ್ಲಿದ್ದರೆ, ಆ ಇಟಗಿಯವರು ಹೈದರಾಬಾದಿನ ನಿಜಾಮನ ಪ್ರಜೆಗಳಾಗಿದ್ದರು. ಅಲ್ಲಿಯ ಕಚೇರಿಯ ಭಾಷೆ ಉರ್ದು. ಚಲಾವಣೆಯ ನಾಣ್ಯ ಹಾಲಿ ಸಿಕ್ಕಾ. ಗಡಿ ದಾಟುವ ಸರಕಿಗೆ ಸುಂಕ ಕೊಡಬೇಕಾಗಿತ್ತು. ಮಗಳನ್ನು ಗಡಿಯಾಚೆ ಕೊಟ್ಟವರೂ ಸೊಸೆಯನ್ನು ಗಡಿಯಾಚೆಯಿಂದ ತಂದವರೂ ನಮ್ಮ ಹಳ್ಳಿಗಳಲ್ಲಿ ಬಹುಮಂದಿ ಇದ್ದರು. ಬೀಗರ ಮನೆಗೆ ಹೋಗುವುದೆಂದರೆ ಬೇರೊಂದು ರಾಜ್ಯಕ್ಕೆ ಹೋಗುವುದೇ ಆಗಿತ್ತು.

ಇದು ಒಂದು ದಿಕ್ಕಿನ ಗಡಿಯ ಮಾತಾಯಿತು. ಇಂದು ನಮ್ಮ ಜಿಲ್ಲೆಯಲ್ಲಿಯೇ ಇರುವ ಶಿರಹಟ್ಟಿಯು ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು; ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ ಸೇರಿತ್ತು. ನರಗುಂದವು 1858ರಲ್ಲಿ ಬಾಬಾಸಾಹೇಬನ ಬಂಡಾಯದವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದು, ಆತನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ಬಳಿಕ ಬ್ರಿಟಿಷರ ಕೈ ಸೇರಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಮತ್ತು 1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದ ಮೇಲೆ ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಇವುಗಳ ನಡುನಡುವೆ ಸಣ್ಣಪುಟ್ಟ ಸಂಸ್ಥಾನಗಳು ಬೇರೆ. ಮುಂಬಯಿ, ಮದರಾಸು, ಹೈದರಾಬಾದುಗಳಲ್ಲಿ ಕನ್ನಡಿಗರು ಅಲ್ಪಸಂಖ್ಯಾತರೇ. ಅಲ್ಲೆಲ್ಲ ಅವರ ಊರುಗಳು ರಾಜಧಾನಿಯಿಂದ ದೂರವಾದ ಅಂಚಿನ ಊರುಗಳೇ.

ಧಾರವಾಡ ಜಿಲ್ಲೆಯಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಅಕ್ಷರ ಕಲಿಯಬೇಕಾಗಿದ್ದ ಕಾಲವೊಂದಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂತಹ ವಿದ್ಯಾಧಿಕಾರಿಗಳ ಶ್ರಮದಿಂದ ಕನ್ನಡ ಶಾಲೆಗಳು ಹೆಚ್ಚಿದವು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿ ಜನರ ಮನಸ್ಸನ್ನು ಎಚ್ಚರಿಸಿದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗನುಗುಣವಾಗಿ ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಿತು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಸೇರಿದಾಗ ಗದುಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು. ಆ ವೇಳೆಗೆ ಜಕ್ಕಲಿಯ ಅಂದಾನಪ್ಪನವರು ಹದಿನಾರರ ಹರೆಯದ ಹುಡುಗ.

ಹಳ್ಳಿಯ ಮನೆಯಿಂದ ಸಾರ್ವಜನಿಕ ಜೀವನಕ್ಕೆ

ಅವರು ಹುಟ್ಟಿದ್ದು 1908ರಲ್ಲಿ. ಜಕ್ಕಲಿಯು ರೋಣ ತಾಲೂಕಿನಲ್ಲಿ ನರೇಗಲ್ಲಿನ ಬಳಿಯ ಹಳ್ಳಿ. ದೊಡ್ಡಮೇಟಿ ಮನೆತನದ ಈ ತರುಣನು ಗಾಂಧೀಜಿಯವರ ಕರೆಗೆ ಓಗೊಟ್ಟು ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆಯ ವಾಸವನ್ನೂ ಅನುಭವಿಸಿದನು. ಆ ಕಾಲದಲ್ಲಿ ಹಳ್ಳಿಯ ಮುಂದಾಳು ಎನಿಸಿಕೊಳ್ಳುವುದಕ್ಕೆ ಭಾಷಣವೊಂದೇ ಸಾಲುತ್ತಿರಲಿಲ್ಲ. ಚರಕ ತಿರುಗಿಸಬೇಕು, ಖಾದಿ ಉಡಬೇಕು, ಕರೆ ಬಂದಾಗ ಹೊಲಮನೆಗಳನ್ನು ಮನೆಯವರ ಕೈಗೊಪ್ಪಿಸಿ ಜೈಲಿಗೆ ನಡೆಯಬೇಕು. ಮರಳಿ ಬಂದಾಗ ಊರಿನವರ ಮುಖವನ್ನು ಧೈರ್ಯದಿಂದ ನೋಡುವಂತಿರಬೇಕು. ಮತದ ಪೆಟ್ಟಿಗೆಗಿಂತ ಮೊದಲು ಬಂದ ಪರೀಕ್ಷೆ ಅದು.

ಮತದ ಪೆಟ್ಟಿಗೆಯಾದರೋ ಎಲ್ಲರದೂ ಆಗಿರಲಿಲ್ಲ. 1935ರ ಕಾಯಿದೆಯಂತೆ 1937ರಲ್ಲಿ ಮತ್ತು 1946ರಲ್ಲಿ ನಡೆದ ಪ್ರಾಂತೀಯ ಚುನಾವಣೆಗಳಲ್ಲಿ ಆಸ್ತಿ, ತೆರಿಗೆ, ವಿದ್ಯೆ ಮೊದಲಾದ ಅರ್ಹತೆಗಳುಳ್ಳವರಿಗೆ ಮಾತ್ರ ಮತದಾನದ ಹಕ್ಕಿತ್ತು. ಕೂಲಿಯವನೂ ಬಡವಿಯೂ ಸಾಹುಕಾರನ ಸಮಕ್ಕೆ ನಿಂತು ಮತ ಹಾಕಿದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿಯೇ. ಈ ಎರಡೂ ಕಾಲಗಳನ್ನು ಕಂಡ ತಲೆಮಾರಿನವರು ದೊಡ್ಡಮೇಟಿಯವರು.

1946ರ ಚುನಾವಣೆಯ ತರುವಾಯದ ಮುಂಬಯಿ ಶಾಸನಸಭೆಯಲ್ಲಿ ಅವರು ಸದಸ್ಯರಾಗಿದ್ದರು. ನಮ್ಮ ಭಾಗದ ಪ್ರತಿನಿಧಿಗೆ ಮುಂಬಯಿ ಎಷ್ಟು ದೂರವಾಗಿತ್ತೆಂಬುದನ್ನು ಇಂದಿನ ತರುಣರು ಊಹಿಸುವುದು ಕಷ್ಟ. ಗದಗಿನಲ್ಲಿ ಸಣ್ಣ ಗೇಜಿನ ರೈಲು ಹತ್ತಿ, ಹುಬ್ಬಳ್ಳಿ, ಲೋಂಡಾ, ಮಿರಜ ದಾಟಿ, ಪುಣೆಯಲ್ಲಿ ಇಳಿದು ದೊಡ್ಡ ಗೇಜಿನ ಗಾಡಿಗೆ ಬದಲಾಯಿಸಿಕೊಂಡು ಮುಂಬಯಿ ಸೇರಬೇಕು. ಸೇರಿದ ಮೇಲೆ ಸಭೆಯ ಕಲಾಪವು ಮುಖ್ಯವಾಗಿ ಇಂಗ್ಲಿಷಿನಲ್ಲಿ. ಸುತ್ತಲಿನ ಮಾತು ಮರಾಠಿ ಮತ್ತು ಗುಜರಾತಿ. ಅಲ್ಲಿ ಕನ್ನಡ ಜಿಲ್ಲೆಗಳ ಸದಸ್ಯರು ಬೆರಳೆಣಿಕೆಯವರು. ರೋಣದ ರೈತನ ಕಷ್ಟವು ಅಷ್ಟು ದೂರ ಪಯಣಿಸಿ, ಅಷ್ಟು ಭಾಷೆಗಳನ್ನು ದಾಟಿ ಮಂತ್ರಿಯ ಮೇಜನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತಿತ್ತು? ಕರ್ನಾಟಕದ ಏಕೀಕರಣವು ಕೆಲವು ಪಂಡಿತರ ಭಾಷಾಭಿಮಾನ ಮಾತ್ರವಾಗಿರಲಿಲ್ಲ. ಸಾಮಾನ್ಯನು ತನ್ನನ್ನು ಆಳುವವರೊಡನೆ ತನ್ನ ಮಾತಿನಲ್ಲಿ ಮಾತನಾಡಬಹುದೇ ಎಂಬುದು ಅದರ ತಿರುಳು.

1947ರ ಗೊತ್ತುವಳಿ

ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ತಿಂಗಳುಗಳ ಮೊದಲು, 1947ರಲ್ಲಿ, ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತದ ರಚನೆಯಾಗಬೇಕೆಂಬ ಗೊತ್ತುವಳಿಯನ್ನು ಮಂಡಿಸಿದರು. ಸಭೆಯು ಅದನ್ನು ಅಂಗೀಕರಿಸಿತು. ಯಾವ ಆಡಳಿತದಿಂದ ಬೇರ್ಪಡಬೇಕಾಗಿತ್ತೋ ಆ ಆಡಳಿತದ ಸಭೆಯ ಬಾಯಿಂದಲೇ ಒಪ್ಪಿಗೆಯ ಮಾತನ್ನು ಪಡೆದದ್ದು ಸಣ್ಣ ಕೆಲಸವಲ್ಲ.

ಆದರೆ ಗೊತ್ತುವಳಿಯೆಂಬುದು ಕಾಯಿದೆಯಲ್ಲ. ಪ್ರಾಂತಗಳ ಎಲ್ಲೆಯನ್ನು ಬದಲಾಯಿಸುವ ಅಧಿಕಾರ ಪ್ರಾಂತದ ಸಭೆಗೆ ಇರಲಿಲ್ಲ. 1950ರ ಸಂವಿಧಾನವೂ ಆ ಅಧಿಕಾರವನ್ನು ಪಾರ್ಲಿಮೆಂಟಿಗೇ ಕೊಟ್ಟಿತು. ದೇಶವಿಭಜನೆಯ ನೋವು ಹಸಿಯಾಗಿದ್ದ ಆ ದಿನಗಳಲ್ಲಿ ದಿಲ್ಲಿಯ ನಾಯಕರು ಭಾಷಾವಾರು ಪ್ರಾಂತವೆಂದರೆ ಬೆಚ್ಚುತ್ತಿದ್ದರು. 1948ರಲ್ಲಿ ಧರ್ ಆಯೋಗವು ಬೇಡವೆಂದಿತು. ಜವಾಹರಲಾಲ ನೆಹರೂ, ವಲ್ಲಭಭಾಯಿ ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಈ ಮೂವರ ಸಮಿತಿಯು 1949ರಲ್ಲಿ ಸ್ವಲ್ಪ ಕಾಲ ತಾಳಿರಿ ಎಂಬ ಧಾಟಿಯಲ್ಲಿ ಮಾತಾಡಿತು. ಅವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಧರ್ಮದ ಹೆಸರಿನಲ್ಲಿ ದೇಶ ಒಡೆದುದನ್ನು ಕಣ್ಣಾರೆ ಕಂಡವರು ಅವರು. ಭಾಷೆಯ ಹೆಸರಿನಲ್ಲಿ ಮತ್ತೆ ಒಡೆದೀತೆಂದು ಅಂಜಿದ್ದು ಸಹಜ. ಆದರೆ ನಮ್ಮ ಎರಡು ಇಟಗಿಗಳ ಜನರು ಬಯಸಿದ್ದು ದೇಶವನ್ನು ಒಡೆಯುವುದನ್ನಲ್ಲ, ಒಡೆದ ಮನೆಯನ್ನು ಕೂಡಿಸುವುದನ್ನು.

ಗಡಿಯಾಚೆಯ ಬಂಧುಗಳ ಸಂಕಟವು ಈ ನಡುವೆ ಮಿತಿ ಮೀರಿತ್ತು. ರಜಾಕಾರರ ಹಾವಳಿಯಿಂದ ಬೇಸತ್ತ ಹೈದರಾಬಾದ್ ಕರ್ನಾಟಕದ ಜನರು ಈಚೆಗೆ ಬಂದು ಆಶ್ರಯ ಪಡೆದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಾಯಕತ್ವದಲ್ಲಿ ಹೋರಾಟದ ಶಿಬಿರ ನಡೆಯಿತು, ಗಜೇಂದ್ರಗಡದಲ್ಲಿಯೂ ಶಿಬಿರವಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆ ಕೊನೆಗೊಂಡಿತು. ಸುಂಕದ ಕಟ್ಟೆಗಳು ಕಾಲಕ್ರಮದಲ್ಲಿ ಹೋದವು. ಆದರೆ ರಾಜ್ಯಗಳ ಗಡಿ ಮಾತ್ರ ಮುಂದೆ ಎಂಟು ವರ್ಷ ಹಾಗೆಯೇ ಉಳಿಯಿತು.

1953ರ ಜಕ್ಕಲಿ

ಆಳುವ ಪಕ್ಷದ ಸದಸ್ಯನಿಗೆ ಎದುರಾಗುವ ಕಠಿನ ಪ್ರಶ್ನೆಯು ದೊಡ್ಡಮೇಟಿಯವರಿಗೆ ಎದುರಾದದ್ದು ಈಗ. ಅವರು ಕಾಂಗ್ರೆಸ್ಸಿನವರು, ದಿಲ್ಲಿಯಲ್ಲಿಯೂ ಮುಂಬಯಿಯಲ್ಲಿಯೂ ಸರಕಾರ ಕಾಂಗ್ರೆಸ್ಸಿನದೇ. ತಾಳಿರಿ ಎನ್ನುತ್ತಿರುವವರು ತಮ್ಮ ನಾಯಕರೇ. ಹಾಗೆಂದು ಸುಮ್ಮನಿದ್ದರೆ ಊರಿನವರಿಗೆ ಕೊಟ್ಟ ಮಾತೇನಾಗಬೇಕು? ಎದುರು ನಿಂತರೆ ಜೀವಮಾನವೆಲ್ಲ ದುಡಿದ ಸಂಸ್ಥೆಯ ಶಿಸ್ತೇನಾಗಬೇಕು?

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಆಂಧ್ರ ರಾಜ್ಯಕ್ಕಾಗಿ ಉಪವಾಸ ಮಾಡಿ ಪ್ರಾಣಬಿಟ್ಟರು. ಕೂಡಲೇ ಆಂಧ್ರಕ್ಕೆ ಒಪ್ಪಿಗೆ ದೊರೆಯಿತು. ಇತ್ತ ಕನ್ನಡಿಗರಿಗೆ ಏನೂ ದೊರೆಯಲಿಲ್ಲ. 1953ರಲ್ಲಿ ದೊಡ್ಡಮೇಟಿಯವರು ತಮ್ಮ ಹುಟ್ಟೂರಾದ ಜಕ್ಕಲಿಯಲ್ಲಿ ಏಕೀಕರಣಕ್ಕಾಗಿ ಉಪವಾಸ ಕೈಗೊಂಡರು. ಅದೇ ವರ್ಷ ಅದರಗುಂಚಿಯ ಶಂಕರಗೌಡ ಪಾಟೀಲರು 23 ದಿನಗಳ ಉಪವಾಸ ಮಾಡಿದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ನೆರೆದ ಜನಸಾಗರವು ರೊಚ್ಚಿಗೆದ್ದು ಗಲಭೆಯಾಯಿತು, ಅನೇಕರು ಬಂಧಿತರಾದರು. ಉಪವಾಸದ ಮೌನ ಒಂದು ಕಡೆ, ಕಲ್ಲಿನ ಸದ್ದು ಇನ್ನೊಂದು ಕಡೆ. ಎರಡರಲ್ಲಿ ಯಾವುದಕ್ಕೆ ದಿಲ್ಲಿ ಕಿವಿಗೊಟ್ಟಿತೆಂದು ಇತಿಹಾಸಕಾರರು ಚರ್ಚಿಸಲಿ. ತಪಸ್ಸುಕಾಲದಲ್ಲಿ ಉಪವಾಸವನ್ನು ಆಚರಿಸುವ ನಮಗೆ ಇಷ್ಟು ಮಾತ್ರ ತಿಳಿದಿದೆ: ಉಪವಾಸ ಮಾಡುವವನು ಮೊದಲು ಶಿಕ್ಷಿಸುವುದು ತನ್ನ ದೇಹವನ್ನು, ನೆರೆಯವನ ಅಂಗಡಿಯ ಗಾಜನ್ನಲ್ಲ.

ಆ ವರ್ಷವೇ ಜಕ್ಕಲಿಯ ಅವರ ಮನೆಯ ಗೋಡೆಯ ಮೇಲೆ ಗದುಗಿನ ಕಲಾವಿದ ಸಿ. ಎನ್. ಪಾಟೀಲರಿಂದ ಕನ್ನಡ ತಾಯಿ ಭುವನೇಶ್ವರಿಯ ಚಿತ್ರವನ್ನು ಬರೆಸಿದರು. ಕರ್ನಾಟಕವು ಯಾವ ಸರಕಾರಿ ನಕ್ಷೆಯಲ್ಲಿಯೂ ಇಲ್ಲದ ಕಾಲದಲ್ಲಿ ಒಂದು ಹಳ್ಳಿಯ ಮನೆಯ ಗೋಡೆಯ ಮೇಲೆ ಅದು ರೂಪುಗೊಂಡಿತು. 'ಕರ್ನಾಟಕ ಮಹಿಮ್ನ ಸ್ತೋತ್ರ'ವೆಂಬ ಕೃತಿಯನ್ನೂ ಅವರು ರಚಿಸಿದರು. ನಮ್ಮ ಶ್ರದ್ಧೆಯ ಮಾರ್ಗ ಬೇರೆಯಾದರೂ ಮನೆಯ ಗೋಡೆಯ ಮೇಲಿನ ಒಂದು ಚಿತ್ರವು ಮನೆಮಂದಿಯ ಮನಸ್ಸನ್ನು ಹೇಗೆ ತಿದ್ದುತ್ತದೆಂಬುದನ್ನು ಕಥೋಲಿಕ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯುವುದು ಯೋಗ್ಯ. ಅದೇ 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಯಾಯಿತು. ಅದುವರೆಗೆ ಪುಣೆಯ ಧರ್ಮಾಧ್ಯಕ್ಷರ ಪಾಲನೆಯಲ್ಲಿದ್ದ ಧಾರವಾಡ ಜಿಲ್ಲೆಯ ಕಥೋಲಿಕರು ಕನ್ನಡ ನೆಲದಲ್ಲಿಯೇ ಪೀಠವುಳ್ಳ ಧರ್ಮಪ್ರಾಂತ್ಯಕ್ಕೆ ಸೇರಿದರು. ಸರಕಾರದ ಗಡಿ ಕದಲುವುದಕ್ಕೆ ಮೂರು ವರ್ಷ ಮೊದಲೇ ಧರ್ಮಸಭೆಯ ಗಡಿ ಕದಲಿತ್ತು.

ಮುಂಬಯಿಯಿಂದ ಬೆಂಗಳೂರಿಗೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯು ಮೈಸೂರಿಗೆ ಸೇರಿತು. ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರಲ್ಲಿ ಅದು ವರದಿ ಒಪ್ಪಿಸಿತು. ಹಳೆಯ ಮೈಸೂರಿನಲ್ಲಿ ಏಕೀಕರಣದ ಬಗ್ಗೆ ಹಿಂಜರಿಕೆಯಿದ್ದವರೂ ಇದ್ದರು. ಆದರೂ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅದರ ಪರವಾಗಿ ದೃಢವಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಅಂದಿನಿಂದ ಎರಡೂ ಇಟಗಿಗಳು ಒಂದೇ ರಾಜ್ಯದ ಊರುಗಳು. ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಆ ಸಂತೋಷದಲ್ಲಿ ನೋವೂ ಬೆರೆತಿತ್ತು.

1957ರಲ್ಲಿಯೂ 1962ರಲ್ಲಿಯೂ ರೋಣ ಮತಕ್ಷೇತ್ರದ ಜನರು ದೊಡ್ಡಮೇಟಿಯವರನ್ನೇ ಆರಿಸಿ ಕಳುಹಿದರು. ಮುಂಬಯಿಯ ಬದಲು ಬೆಂಗಳೂರು. ಹೊಸದಾಗಿ ತಲೆಯೆತ್ತಿದ ವಿಧಾನಸೌಧ. ಅವರು ಸದಸ್ಯರಾಗಿದ್ದ ಅವಧಿಯಲ್ಲಿ, 1963ರಲ್ಲಿ, ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡುವ ಕಾಯಿದೆ ಬಂದಿತು. ಅದೇ ವರ್ಷದ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿ, ಜನರ ಆಡುಮಾತು ಬಲಿಪೂಜೆಯನ್ನು ಪ್ರವೇಶಿಸಲು ಬಾಗಿಲು ತೆರೆಯಿತು. ಲತೀನಿನಲ್ಲಿ ಪೂಜೆ ಕೇಳಿ, ಅರ್ಥವಾಗದೆಯೂ ಭಕ್ತಿಯಿಂದ ಮೊಣಕಾಲೂರಿದ ನಮ್ಮ ಹಿರಿಯರಿಗೆ ಪೀಠದಿಂದ ಕನ್ನಡ ಕೇಳಿಬಂದಾಗ ಆದ ಹಿಗ್ಗನ್ನು ಬಲ್ಲವರು ದೊಡ್ಡಮೇಟಿಯವರ ಹಂಬಲವನ್ನೂ ಅರಿಯಬಲ್ಲರು. ಕಚೇರಿಯಲ್ಲಿ ಅರ್ಜಿ ಸಲ್ಲಿಸುವ ರೈತನದೂ ಅದೇ ಬಯಕೆ: ತನ್ನ ಮಾತು ತನಗೆ ತಿಳಿಯಬೇಕು, ಕೇಳುವವನಿಗೂ ತಿಳಿಯಬೇಕು.

ಆದರೆ ನಾಡಿನ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಕರ್ನಾಟಕವೆಂಬ ಹೆಸರನ್ನು ಬಯಸಿದವರಲ್ಲಿ ದೊಡ್ಡಮೇಟಿಯವರೂ ಒಬ್ಬರು. ಅವರು 1972ರಲ್ಲಿ ತೀರಿಕೊಂಡರು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಶಾಲಾ ಬಾಲಕರಾಗಿದ್ದ ನಾವು ಆ ದಿನ ಮಿಠಾಯಿ ತಿಂದು ಕುಣಿದೆವು. ಯಾರ ದುಡಿಮೆಯ ಫಲವನ್ನು ಸವಿಯುತ್ತಿದ್ದೇವೆಂಬುದು ನಮಗೆ ತಿಳಿದಿರಲಿಲ್ಲ. ನೆಬೋ ಬೆಟ್ಟದ ಮೇಲೆ ನಿಂತು ವಾಗ್ದತ್ತ ನಾಡನ್ನು ದೂರದಿಂದ ನೋಡಿದ ಮೋಶೆಯನ್ನು ನೆನೆದಾಗಲೆಲ್ಲ ನಮಗೆ ಈ ಜಕ್ಕಲಿಯ ಹಿರಿಯರ ನೆನಪಾಗುತ್ತದೆ. ನಾಡನ್ನು ಪ್ರವೇಶಿಸುವ ಭಾಗ್ಯ ಅವರಿಗಿತ್ತು. ಅದರ ಹೆಸರನ್ನು ಕೇಳುವ ಭಾಗ್ಯ ಇರಲಿಲ್ಲ.

ಉಳಿದ ಕೆಲಸ

ಏಕೀಕರಣದಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೂ ಕಾಲುವೆಯ ನೀರು ಎಲ್ಲ ಹೊಲಗಳನ್ನು ಮುಟ್ಟಲಿಲ್ಲ. ಅಭಿವೃದ್ಧಿ ಕರ ಮಾತ್ರ ಮುಟ್ಟಿತು. 1980ರ ಜುಲೈ ತಿಂಗಳಲ್ಲಿ ನರಗುಂದ, ನವಲಗುಂದಗಳ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಆಗ ಆಳುತ್ತಿದ್ದವರು ಪರಭಾಷೆಯವರಲ್ಲ, ಕನ್ನಡಿಗರೇ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ತಾಲೂಕುಗಳು ಹಿಂದುಳಿದಿವೆಯೆಂದು ವರದಿ ಮಾಡಿತು. ಅತ್ಯಂತ ಹಿಂದುಳಿದವುಗಳಲ್ಲಿ ಹೆಚ್ಚಿನವು ಉತ್ತರದ ಕಡೆಯವು. ಒಂದೇ ಭಾಷೆಯನ್ನಾಡುವ ಸರಕಾರವೂ ಕಿವುಡಾಗಬಲ್ಲದು. ಆದರೆ ಅದು ಕಿವುಡಾದಾಗ ನಮಗೆ ತಿಳಿಯುವ ಮಾತಿನಲ್ಲಿಯೇ ಅದನ್ನು ಎಚ್ಚರಿಸುವ ಹಕ್ಕು ನಮಗಿದೆ. ಆ ಹಕ್ಕನ್ನು ದೊಡ್ಡಮೇಟಿಯವರಂತಹವರು ಗಳಿಸಿಕೊಟ್ಟು ಹೋದರು.

ರಾಜಕೀಯವೆಂದರೆ ಮೂಗು ಮುರಿಯುವುದು ಇಂದು ನಮ್ಮ ಭಕ್ತಾದಿಗಳಲ್ಲಿಯೂ ವಾಡಿಕೆಯಾಗಿದೆ. ಸಜ್ಜನರು ಅದರ ತಂಟೆಗೆ ಹೋಗಬಾರದೆಂದು ಮಕ್ಕಳಿಗೆ ಬುದ್ಧಿ ಹೇಳುವ ತಂದೆತಾಯಿಗಳನ್ನು ನಾವು ಬಲ್ಲೆವು. 1965ರಲ್ಲಿ ವ್ಯಾಟಿಕನ್ ಮಹಾಸಭೆಯು ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ದಸ್ತಾವೇಜಿನಲ್ಲಿ, ಜನಹಿತಕ್ಕಾಗಿ ಸಾರ್ವಜನಿಕ ಹೊಣೆಯನ್ನು ಹೊರುವವರ ಸೇವೆಯನ್ನು ಗೌರವಿಸಿತು. ಸಜ್ಜನರು ದೂರ ಸರಿದ ಜಾಗವು ಖಾಲಿಯಾಗಿ ಉಳಿಯುವುದಿಲ್ಲ. ಗ್ರಾಮ ಪಂಚಾಯತಿಯ ಸದಸ್ಯತನವಿರಲಿ, ಶಾಸನಸಭೆಯ ಸ್ಥಾನವಿರಲಿ, ಅಲ್ಲಿಗೆ ಹೋಗುವವನಿಗೆ ದೊಡ್ಡಮೇಟಿಯವರ ಜೀವನವು ಕಲಿಸುವ ಪಾಠವೊಂದೇ. ಮುಂಬಯಿಯ ಸಭೆಯಲ್ಲಿ ಆಡಿದ ಮಾತನ್ನೇ ಅವರು ಜಕ್ಕಲಿಯಲ್ಲಿ ಹಸಿದ ಹೊಟ್ಟೆಯಲ್ಲಿಯೂ ಆಡಿದರು. ಗೊತ್ತುವಳಿ ಅಂಗೀಕಾರವಾದ ಮೇಲೆ ಫಲ ದೊರೆಯಲು ಒಂಬತ್ತು ವರ್ಷ ಹಿಡಿಯಿತು, ಮಾತು ಬದಲಾಗಲಿಲ್ಲ.

ಇಂದು ರೋಣದಲ್ಲಿಯೋ ಗಜೇಂದ್ರಗಡದಲ್ಲಿಯೋ ಬಸ್ಸು ಹತ್ತಿ ಕುಕನೂರಿನ ಕಡೆಗೆ ಹೊರಟವನು ಒಂದು ಕಾಲದಲ್ಲಿ ತಾನು ಗಡಿ ದಾಟುತ್ತಿದ್ದೆನೆಂಬುದನ್ನು ಅರಿಯುವುದೇ ಇಲ್ಲ. ಯಾರೂ ಆತನ ಗಂಟನ್ನು ಬಿಚ್ಚಿಸುವುದಿಲ್ಲ. ನಾಣ್ಯ ಬದಲಾಯಿಸು ಎನ್ನುವುದಿಲ್ಲ. ಅರಿಯದಿರುವುದು ಆತನ ಭಾಗ್ಯ; ಅರಿತು ನೆನೆಯುವುದು ನಮ್ಮ ಕರ್ತವ್ಯ. ಶತಮಾನೋತ್ಸವದ ಕೃತಜ್ಞತಾ ಪೂಜೆಯಲ್ಲಿ ನಮ್ಮ ದೇವಾಲಯವನ್ನು ಕಟ್ಟಿದವರಿಗಾಗಿ ಪ್ರಾರ್ಥಿಸುವಾಗ, ನಾವು ನಿಂತಿರುವ ಈ ನಾಡನ್ನು ಕಟ್ಟಿದವರನ್ನೂ ಪ್ರಿಯ ಭಕ್ತಾದಿಗಳು ಮರೆಯದಿರಲಿ. ದಯಾಮಯರಾದ ದೇವರು ಅವರ ಶ್ರಮವನ್ನು ಆಶೀರ್ವದಿಸಿ, ಅವರಂತಹ ಪ್ರತಿನಿಧಿಗಳನ್ನು ನಮ್ಮ ಮಕ್ಕಳ ನಡುವಿನಿಂದಲೂ ಎಬ್ಬಿಸಲಿ.